ಅವಲಕ್ಕಿಗೂ ಮುಂಚೆ ಒಂದು ಸೂಜಿ

ಐನಾಪುರದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಗೆ ಸಣ್ಣವಳಿದ್ದಾಗಿನಿಂದ ಸಕ್ಕರೆ ಕಾಯಿಲೆ. ಉಣ್ಣುವ ಮುಂಚೆ ತಾನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಳು. ಯಾರಾದರೂ ಅಯ್ಯೋ ಪಾಪ ಎಂದರೆ, "ಸೂಜಿ ನನಗ, ಸಂಕಟ ನಿಮಗ್ಯಾಕ್ರಿ?" ಅನ್ನುತ್ತಿದ್ದಳು.

ಒಮ್ಮೆ ಅಥಣಿ ಕಡೆಯಿಂದ ಗಂಡಿನವರು ಅವಳನ್ನು ನೋಡಲು ಬಂದರು. ಕಾಯಿಲೆಯ ಮಾತೇ ಎತ್ತಬೇಡ, ಅವರು ಹೋದ ಮೇಲೆ ತಿನ್ನುವಿಯಂತೆ ಎಂದು ಹೇಳಿಕೊಟ್ಟವಳು ನಾನೇ. ಹೂಂ ಅಂದಿದ್ದಳು. ಅವಲಕ್ಕಿ ಬಂತು. ಗಂಡಿನ ತಾಯಿ, "ನೀನೂ ತಿನ್ನವಾ" ಎಂದರು. ಇವಳು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಇನ್ಸುಲಿನ್ ಪೆನ್ನು ತೆಗೆದು ಸೆರಗಿನ ಮರೆಯಲ್ಲಿ ಚುಚ್ಚಿಕೊಂಡೇಬಿಟ್ಟಳು.

"ಏನವಾ ಅದು?"

"ಇನ್ಸುಲಿನ್ ರೀ. ಸಕ್ಕರಿ ಬ್ಯಾನಿ ಐತಿ. ದಿನಾ ನಾಕ ಸಲ ಬೇಕ್ರಿ."

ಅವರು ಚಹಾ ಕುಡಿಯದೆ ಎದ್ದು ಹೋದರು.

ನಾನು ಬೈದೆ. "ಒಂದ ತಾಸ ಸುಮ್ನ ಕುಂದ್ರಾಕ ಆಗಲಿಲ್ಲೇನಬೇ ನಿನಗ?"

"ಒಂದ ತಾಸ ಕುಂದರ್ತಿದ್ದೆ, ಆಯಿ. ಆಮ್ಯಾಲ ಜಲ್ಮಪೂರ್ತಿ ಬಚ್ಚಲದಾಗ ಕದ್ದು ಚುಚ್ಕೋಬೇಕಿತ್ತಲ್ಲ."

ಅವಳ ಕಣ್ಣು ತುಂಬಿದ್ದವು. ಆದರೂ ತಟ್ಟೆ ಬಿಡಲಿಲ್ಲ. ಸೂಜಿ ಚುಚ್ಚಿಕೊಂಡ ಮೇಲೆ ತಿನ್ನಲೇಬೇಕು. ಅಳುತ್ತಲೇ ತಿಂದಳು. ನಾನೂ ಒಂದು ತಟ್ಟೆ ಹಾಕಿಕೊಂಡು ಅವಳೆದುರು ಕುಳಿತೆ.