ಉಸಿರು ಬಿಡುವ ಪಾಠ

ಗುಬ್ಬಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಪಿಟಿ ಮಿಸ್ಸು. ಹುಡುಗಿಯರಿಗೆ ಕಬಡ್ಡಿ ಕಲಿಸುತ್ತ ಹದಿನೆಂಟು ವರ್ಷವಾಯಿತು. ಆಟದ ಪೀರಿಯಡ್ಡಿನಲ್ಲಿ ಕಾಲು ಗಂಟೆ ಯೋಗವೂ ಇರಲಿ ಎಂದು ಹೆಡ್ಮಾಸ್ಟರು ಹೇಳಿದಾಗ ಮೈಯೆಲ್ಲ ಉರಿದುಹೋಯಿತು. ಇರುವುದೇ ನಲವತ್ತು ನಿಮಿಷ. ಅದರಲ್ಲಿ ಕಣ್ಣು ಮುಚ್ಚಿ ಕೂತರೆ ಕಬಡ್ಡಿ ಆಡುವುದು ಯಾವಾಗ? ಗೊಣಗಿಕೊಂಡೇ ತುಮಕೂರಿಗೆ ಹೋಗಿ ಮೂರು ದಿನದ ತರಬೇತಿ ಮುಗಿಸಿ ಬಂದೆ.

ಆಗ ನನ್ನ ತಲೆನೋವೆಂದರೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಹಾಗಲವಾಡಿ ಕಡೆಯವಳು, ಓಟದಲ್ಲಿ ಅವಳನ್ನು ಹಿಡಿಯುವವರಿಲ್ಲ. ಆದರೆ ರೈಡಿಗೆ ಹೋದಳೆಂದರೆ ನಾಲ್ಕು ಹೆಜ್ಜೆಗೇ ‘ಕಬಡ್ಡಿ ಕಬಡ್ಡಿ’ ನಿಂತುಹೋಗುತ್ತಿತ್ತು. ದಮ್ಮು ಕಡಿದರೆ ಔಟ್. ಮುಂದೆ ಬರಲಿರುವ ಕುಣಿಗಲ್ ಮ್ಯಾಚಿನಲ್ಲೂ ಹೀಗಾದರೆ ಟೀಮಿನಿಂದ ತೆಗೆಯುತ್ತೇನೆ ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದೆ. ಆವತ್ತಿನಿಂದ ಅವಳು ಮಧ್ಯಾಹ್ನದ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲವಂತೆ.

ಯೋಗದ ಮೊದಲ ದಿನ ಅಭ್ಯಾಸಬಲದಿಂದ ಸೀಟಿ ಊದಿದೆ. ಉಸಿರೆಳೆದುಕೊಳ್ಳಿ ಅಂದೆ. ಎಲ್ಲರೂ ಎಳೆದುಕೊಂಡು, ಎದೆ ಉಬ್ಬಿಸಿ ಹಾಗೇ ಕೂತರು. ಸಾಲಿನ ಕೊನೆಯವಳ ಬೆನ್ನು ನೆಟ್ಟಗೆ ಮಾಡಿ ತಿರುಗುವಷ್ಟರಲ್ಲಿ ಮುಖಗಳೆಲ್ಲ ಕೆಂಪೇರಿದ್ದವು. ಬಿಡ್ರೇ ಎಂದು ಬೈದೆ. ಒಮ್ಮೆಗೇ ಬುಸ್ಸೆಂದರು. ಹಾಗಲವಾಡಿಯ ಹುಡುಗಿ ಏದುಸಿರು ಬಿಡುತ್ತಲೇ ಅಂದಳು:

“ದಮ್ ಕಟ್ಟೋದು ಹೇಳ್ಕೊಟ್ಟಿದೀರಾ ಮಿಸ್. ನಿಧಾನಕ್ಕೆ ಬಿಡೋದು ಹೇಳ್ಕೊಟ್ಟೇ ಇಲ್ಲ.”

ಕೋಪ ಬಂತು. ಆಮೇಲೆ ನಾಚಿಕೆಯಾಯಿತು, ಏಕೆಂದರೆ ಅದು ನಿಜ. ‘ಕಬಡ್ಡಿ ಕಬಡ್ಡಿ’ ಅನ್ನುವುದೂ ಉಸಿರನ್ನು ಸ್ವಲ್ಪಸ್ವಲ್ಪವೇ ಬಿಡುತ್ತಲೇ ತಾನೆ. ಸೀಟಿಯನ್ನು ಜೇಬಿಗೆ ಹಾಕಿ ನಾನೂ ಅವರ ಜೊತೆ ನೆಲದ ಮೇಲೆ ಕೂತೆ. ದುಂಬಿಯ ಹಾಗೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿಯನ್ನು ದಿನಾ ಮಾಡಿದೆವು. ಮೊದಮೊದಲು ಯಾರಿಗೂ ನಗು ತಡೆಯಲಾಗುತ್ತಿರಲಿಲ್ಲ, ನನಗೂ. ತಿಂಗಳು ಕಳೆಯುವಷ್ಟರಲ್ಲಿ ಅವಳ ಉಸಿರು ಎಲ್ಲರದಕ್ಕಿಂತ ಉದ್ದವಾಗಿತ್ತು.

ಕುಣಿಗಲ್ಲಿನಲ್ಲಿ ಸೋತೆವು. ಆದರೆ ಅವಳ ಕೊನೆಯ ರೈಡಿನಲ್ಲಿ ಮೂವರು ಸುತ್ತುವರಿದರೂ ದನಿ ಸಣ್ಣಗೆ ನಡೆದೇ ಇತ್ತು. ಒಬ್ಬಳನ್ನು ಮುಟ್ಟಿ ಗೆರೆ ದಾಟಿ ಬಂದಳು. ನನಗೆ ಅಳುವೇ ಬಂತು. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೇಳಿದಳು, “ನಾನು ಟೀಮಲ್ಲಿ ಇರ್ತೀನಾ ಮಿಸ್?”

“ಇರ್ತೀಯ ಕಣೇ,” ಅಂದೆ.

ಅವಳು ಕಿಟಕಿಗೆ ಒರಗಿ ನಿದ್ದೆ ಹೋದಳು. ನನಗೆ ಮಾತ್ರ, ದಮ್ಮಿಲ್ಲ ಎಂದು ಇಷ್ಟು ವರ್ಷ ಟೀಮಿನಿಂದ ತೆಗೆದುಹಾಕಿದ್ದ ಹುಡುಗಿಯರೆಲ್ಲ ಗುಬ್ಬಿ ಬರುವವರೆಗೂ ಕಣ್ಣ ಮುಂದೆ ಬರುತ್ತಲೇ ಇದ್ದರು. ಅವರಲ್ಲಿ ಇಬ್ಬರು ಇನ್ನೂ ಹತ್ತನೇ ಕ್ಲಾಸಿನಲ್ಲಿದ್ದರು. ಮಾರನೆಯ ಬೆಳಿಗ್ಗೆ ಇಬ್ಬರನ್ನೂ ಕರೆಸಿ, ತಪ್ಪು ನನ್ನದು ಎಂದು ಹೇಳಿ, ಯೋಗದ ಸಾಲಿನಲ್ಲಿ ಅವಳ ಪಕ್ಕ ಕೂರಿಸಿದೆ.