ತಕ್ಕಡಿ ಕಂಪನಿಯ ವ್ಯಾನು

ಅಳಿಯನ ಕೈಗೆ ಬಾಗಿಲು ಬಂದುಬಿಟ್ಟಿತು. ಬಾಗಿಲ ಹಿಡಿಕೆಯಲ್ಲ, ಇಡೀ ಬಾಗಿಲು.

ಬೆಳಗಿನ ಎಂಟು ಗಂಟೆ. ಅಂಗಡಿಗಳು ಶಟರ್ ಎತ್ತುವ ಹೊತ್ತು. ನೋಡುವುದಕ್ಕೆ ಏನಾದರೂ ಸಿಗಲಿ ಎಂದು ಇಡೀ ಬೀದಿ ಕಾದು ನಿಂತಿರುವ ಹೊತ್ತು. ಅತ್ತೆಯ ಹಳೆಯ ಸರಕು ವ್ಯಾನಿನ ಪಕ್ಕದ ಬಾಗಿಲನ್ನು ಹಿಂದಕ್ಕೆ ಜಾರಿಸಬೇಕು ಎಂಬುದು ಅಳಿಯನಿಗೆ ಗೊತ್ತಿತ್ತು. ಜಾರಿಸುವ ಮೊದಲು ಮೊಣಕಾಲಿನಿಂದ ಮೆಲ್ಲಗೆ ಒತ್ತಿ, ಎರಡು ಬೆರಳಿನಷ್ಟು ಮೇಲಕ್ಕೆತ್ತಿ, ಆಮೇಲೆ ಎಳೆಯಬೇಕು ಎಂಬುದು ಗೊತ್ತಿರಲಿಲ್ಲ. ಗಂಡಸಿನ ಗತ್ತಿನಲ್ಲಿ ಒಂದೇ ಏಟಿಗೆ ಎಳೆದ. ಬಾಗಿಲು ಹಳಿ ಬಿಟ್ಟು, ಬಹುಕಾಲದ ನಂತರ ಸಿಕ್ಕ ನೆಂಟನಂತೆ ಅವನನ್ನು ತಬ್ಬಿಕೊಂಡಿತು. ಕೆಳಗಿಡೋಣವೆಂದರೆ ಕಾಲ ಬೆರಳು ಅಡ್ಡ, ಹಿಡಿದೇ ನಿಲ್ಲೋಣವೆಂದರೆ ಮಾನ ಅಡ್ಡ.

"ಸಾರ್, ಬಾಗಿಲು ಮಾತ್ರ ಕೊಂಡ್ಕೊಂಡ್ರಾ? ಗಾಡಿ ಮುಂದಿನ ತಿಂಗಳಾ?" ಎಂದು ಎದುರಿನ ಔಷಧಿ ಅಂಗಡಿಯವನು ಕೂಗಿದ.

ಡ್ರೈವರ್ ಸೀಟಿನಲ್ಲಿದ್ದ ಅತ್ತೆ ಕನ್ನಡಿಯಲ್ಲಿ ಒಮ್ಮೆ ನೋಡಿದರು. ಗಾಬರಿಯೂ ಇಲ್ಲ, ಸಿಟ್ಟೂ ಇಲ್ಲ.

"ಹಾಗೇ ಹಿಡ್ಕೊಂಡಿರಿ ಅಳಿಯಂದ್ರೇ. ಹಗ್ಗ ಹುಡುಕ್ತೀನಿ."

ಹಗ್ಗ ಸಿಗುವುದಕ್ಕೆ ನಾಲ್ಕು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆ ಬೀದಿಯಲ್ಲಿ ಅಳಿಯನನ್ನು ನೋಡದೆ ಉಳಿದವರೆಂದರೆ ಇನ್ನೂ ಹಾಸಿಗೆ ಬಿಟ್ಟು ಏಳದವರು ಮಾತ್ರ.

ಅಸಲಿಗೆ ಅಳಿಯ ಅವತ್ತು ಬಂದದ್ದು ಬಾಗಿಲು ಹೊರುವುದಕ್ಕಲ್ಲ. ಅವನು ವಿಮಾ ಕಚೇರಿಯಲ್ಲಿ ಕಡತ ನೋಡುವವನು. ನಲವತ್ತೈದು ದಾಟಿದ, ಪೆನ್ನಿಗಿಂತ ಭಾರದ್ದನ್ನು ಎತ್ತುವ ಮುಂಚೆ ಎರಡು ಸಲ ಯೋಚಿಸುವ ಮನುಷ್ಯ. ಒಂದು ದಿನದ ರಜೆ ಹಾಕಿಸಿ ಅವನನ್ನು ಅಟ್ಟಿದ್ದು ಹೆಂಡತಿ.

"ಅಮ್ಮನಿಗೆ ಅರವತ್ನಾಲ್ಕಾಯ್ತು. ಹಿಟ್ಟಿನ ಮೂಟೆ ಹೇರ್ಕೊಂಡು ಊರು ಸುತ್ತಿದ್ದು ಸಾಕು. ಹೇಗಾದ್ರೂ ಮಾಡಿ ಆ ಗಾಡಿ ಬಿಡಿಸಿ, ನಮ್ಮನೇಲಿ ಬಂದಿರ್ಲಿ. ನಿಮ್ಮ ಮಾತಂದ್ರೆ ಅವಳಿಗೆ ಗೌರವ."

ಕೊನೆಯ ವಾಕ್ಯ ಹೇಳುವಾಗ ಹೆಂಡತಿ ತುಟಿ ಕಚ್ಚಿ ನಗು ತಡೆದದ್ದನ್ನು ಅಳಿಯ ನೋಡಿಯೂ ನೋಡದವನಂತೆ ಇದ್ದುಬಿಟ್ಟಿದ್ದ.

ಬಿಡಿಸುವುದಕ್ಕೆ ಅವತ್ತಿಗಿಂತ ಒಳ್ಳೆಯ ದಿನ ಇರಲಿಲ್ಲ. ಅತ್ತೆ ಮೂವತ್ತು ವರ್ಷದಿಂದ ಹಿಟ್ಟಿನ ಗೋದಾಮಿನಿಂದ ಏಳು ಬೇಕರಿಗಳಿಗೆ ಹಿಟ್ಟು ಸಾಗಿಸುತ್ತಿದ್ದರು. ಗೋದಾಮಿಗೆ ಹೊಸದಾಗಿ ಬಂದ ಮ್ಯಾನೇಜರ್ ಒಂದು ನಿಯಮ ಮಾಡಿದ್ದ: ಇಪ್ಪತ್ತು ವರ್ಷ ದಾಟಿದ ಗಾಡಿಗಳು ಐನೂರ ಐವತ್ತು ಕಿಲೋ ಹೊತ್ತು, ಗೋದಾಮಿನ ಅಂಗಳದಿಂದ ರಸ್ತೆಗೆ ಹತ್ತುವ ಏರನ್ನು ನಡುವೆ ಎಲ್ಲೂ ನಿಲ್ಲದೆ ಹತ್ತಿ ತೋರಿಸಬೇಕು. ಒಂದೇ ಅವಕಾಶ, ಅತ್ತೆಯ ಸರದಿ ಅವತ್ತು. ನಿಂತರೆ ಗೇಟ್ ಪಾಸ್ ರದ್ದು. ಪಾಸ್ ಇಲ್ಲದ ಮೇಲೆ ಹಿಟ್ಟಿಲ್ಲ, ಹಿಟ್ಟಿಲ್ಲದ ಮೇಲೆ ಬೇಕರಿಗಳಿಲ್ಲ. ಅತ್ತೆ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ಪಕ್ಕದ ಮನೆಯವರ ಬಟ್ಟೆ ಒಣಗುವುದನ್ನು ನೋಡಬೇಕು. ಈ ಏರ್ಪಾಟು ಅತ್ತೆಗೆ ಸಾವಿಗಿಂತ ಒಂದು ಮೆಟ್ಟಿಲು ಕೆಳಗಿನದಾಗಿ ಕಂಡಿತ್ತು. ಅವರು ಹಾಗೆಂದು ಬಾಯಿಬಿಟ್ಟು ಹೇಳಿದವರಲ್ಲ. "ನಿಮ್ಮ ಬಾಲ್ಕನಿ ಚೆನ್ನಾಗಿದೆ, ಗಾಳಿ ಬರುತ್ತೆ," ಅಂದಿದ್ದರು, ಅಷ್ಟೆ.

ಬಾಗಿಲನ್ನು ಹಗ್ಗದಿಂದ ಕಟ್ಟಿ ಹೊರಟರು. ಈ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆದ್ದರಿಂದ ಪಕ್ಕದಲ್ಲಿ ಕೂತವನಿಗೆ ಎಂಜಿನ್ನಿನ ಆರೋಗ್ಯ ನೇರವಾಗಿ ತಿಳಿಯುತ್ತದೆ. ಎರಡನೇ ತಿರುವಿನ ಹೊತ್ತಿಗೆ ಅಳಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿ ಕೂತ. ನಾಲ್ಕನೆಯ ತಿರುವಿಗೆ ಕರವಸ್ತ್ರ ಮಡಿಸಿ ಕೆಳಗೆ ಹಾಕಿಕೊಂಡ.

"ಸ್ವಲ್ಪ ಬಿಸಿ," ಅಂದ.

"ಚಳಿಗಾಲದಲ್ಲಿ ಹಿತವಾಗಿರುತ್ತೆ," ಅಂದರು ಅತ್ತೆ.

ಗಾಡಿಗೆ ಮೂರು ಸಿಲಿಂಡರು, ಮೂವತ್ತೇಳು ಕುದುರೆ ಶಕ್ತಿ. ಅದರಲ್ಲಿ ಹತ್ತು ಕುದುರೆ ಈಗಾಗಲೇ ನಿವೃತ್ತಿಯಾಗಿವೆಯೆಂದು ಅಳಿಯನ ಅಂದಾಜು. ವೇಗದ ಮುಳ್ಳು ಮೂವತ್ತಕ್ಕೂ ಐವತ್ತಕ್ಕೂ ನಡುವೆ ಒಂದೇ ಸಮನೆ ನಡುಗುತ್ತಿತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿಕೊಳ್ಳುವುದು ಓದುವವರ ಜವಾಬ್ದಾರಿ. ಅರವತ್ತು ದಾಟಿದರೆ ಕನ್ನಡಿ ತಾನಾಗಿಯೇ ತಿರುಗಿ ಡ್ರೈವರಿಗೆ ಅವರ ಕಿವಿ ತೋರಿಸುತ್ತಿತ್ತು. ಮೂತಿಯ ಮೇಲೆ ಕಂಪನಿಯ ಗುರುತಾಗಿ ಒಂದು ಹಿತ್ತಾಳೆಯ ತಕ್ಕಡಿ. ಅದರ ಒಂದು ತಟ್ಟೆ ಎಂದೋ ಬಿದ್ದುಹೋಗಿ, ನ್ಯಾಯ ಅರ್ಧ ಮಾತ್ರ ಉಳಿದಿತ್ತು.

ವ್ಯಾನಿನ ಮೂತಿಯ ಮೇಲೆ ತಕ್ಕಡಿ ಯಾಕೆ ಎಂದು ಈ ಮನೆಗೆ ಅಳಿಯನಾಗಿ ಬಂದವನು ಕೇಳಬೇಕಾಗಿಲ್ಲ, ಕೇಳದೆಯೇ ಹೇಳುತ್ತಾರೆ. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಹದಿನಾರು ಪುಟ. ಹನ್ನೆರಡು ಪುಟ ಕಂಪನಿಯ ಚರಿತ್ರೆ, ನಾಲ್ಕು ಪುಟ ಗಾಡಿ ಓಡಿಸುವ ವಿಚಾರ. ಅತ್ತೆ ಅದನ್ನು ಮಗಳಿಗೆ ಮಲಗುವ ಹೊತ್ತಿನ ಕಥೆಯಾಗಿ ಓದಿ ಹೇಳಿದ್ದರು. ಹೆಂಡತಿ ಇವತ್ತಿಗೂ ನಿದ್ದೆ ಬಾರದಿದ್ದರೆ ಐದನೇ ಪುಟದಿಂದ ಗುನುಗುತ್ತಾಳೆ.

ಕಥೆ ಇಷ್ಟು. ಅಣ್ಣ ತಮ್ಮ ಇಬ್ಬರು ಒಂದು ತಗಡಿನ ಶೆಡ್ಡಿನಲ್ಲಿ ತಕ್ಕಡಿ ಮಾಡುತ್ತಿದ್ದರು. ಅಣ್ಣನದು ತಟ್ಟೆ ತೂಗುಹಾಕುವ ದಂಡಿಗೆಯ ಕೆಲಸ, ತಮ್ಮನದು ಸ್ಪ್ರಿಂಗಿನ ಕೆಲಸ. ಮೊದಮೊದಲು ಅಂಗಡಿ ತಕ್ಕಡಿ, ಆಮೇಲೆ ಮೂಟೆ ತೂಗುವ ದೊಡ್ಡ ತಕ್ಕಡಿ. ದೊಡ್ಡ ತಕ್ಕಡಿ ಎಷ್ಟು ಭಾರವಾಯಿತೆಂದರೆ ಅದನ್ನು ಗಿರಾಕಿಗೆ ತಲುಪಿಸಲು ತಳ್ಳುಗಾಡಿಯವರು ಕೈ ಮುಗಿದುಬಿಟ್ಟರು. ತಮ್ಮ ಪಕ್ಕದ ತೋಟದಿಂದ ಹಳೆಯ ನೀರೆತ್ತುವ ಎಂಜಿನ್ ತಂದು, ಮೂರು ಚಕ್ರದ ಮೇಲೆ ಕೂರಿಸಿ, ತಕ್ಕಡಿಯ ಸ್ಪ್ರಿಂಗನ್ನೇ ಕೆಳಗೆ ಹಾಕಿ ಒಂದು ಗಾಡಿ ಮಾಡಿದ. ಅದಕ್ಕೆ ರಿವರ್ಸ್ ಇರಲಿಲ್ಲ. ಸರಕು ಕೊಡಲು ಹೋದದ್ದು ಹಿಂದಕ್ಕೆ ಯಾಕೆ ಬರಬೇಕು ಎಂಬುದು ಅಣ್ಣನ ವಾದ. ಗಾಡಿ ಅಂಗಡಿ ಮುಂದೆ ನಿಂತರೆ ಗಿರಾಕಿ ತಕ್ಕಡಿ ಬಿಟ್ಟು ಗಾಡಿಯನ್ನೇ ಸುತ್ತು ಹಾಕುತ್ತಿದ್ದ. ಒಂಬತ್ತನೆಯ ಗಿರಾಕಿ "ತಕ್ಕಡಿ ನೀವೇ ಇಟ್ಕೊಳಿ, ಇದನ್ನ ಕೊಡಿ" ಅಂದ ದಿನ ಅಣ್ಣತಮ್ಮಂದಿರು ಶೆಡ್ಡಿಗೆ ಹೊಸ ಬೋರ್ಡು ಬರೆಸಿದರು.

"ಅದಕ್ಕೇ ಇದು ಬರೀ ಗಾಡಿಯಲ್ಲ," ಎಂದು ಅತ್ತೆ ಪ್ರತಿ ಸಲದಂತೆ ಮುಗಿಸಿದರು. "ಗಾಲಿ ಇರೋ ತಕ್ಕಡಿ. ಎಷ್ಟು ಹೇರಿದ್ರೆ ಎಷ್ಟು ಅಂತ ದನೀಲೇ ಹೇಳುತ್ತೆ. ಈಗ ನಿಮ್ಮದು ಎಂಬತ್ತೆರಡು ಕಿಲೋ."

ಹೆಂಡತಿಯ ಬಳಿ ಎಪ್ಪತ್ತಾರು ಎಂದು ಹೇಳಿಕೊಂಡು ಬಂದಿದ್ದ ಅಳಿಯ ಕಿಟಕಿಯಾಚೆ ನೋಡಿದ.

ಈ ಗಾಡಿಯನ್ನು ಕೊಂಡದ್ದು ಮಾವ. ಎರಡು ತಿಂಗಳು ಓಡಿಸಿ, ಒಂದೇ ಕಂಬಕ್ಕೆ ಮೂರು ಸಲ ಗುದ್ದಿ, ಬೀಗದ ಕೈ ತಂದು ಹೆಂಡತಿಯ ಮುಂದಿಟ್ಟರಂತೆ. "ಇದು ನನ್ನ ಮಾತು ಕೇಳಲ್ಲ ಕಣೇ. ನಿನ್ನ ಮಾತು ಕೇಳಬಹುದು. ನಾನೇ ಕೇಳ್ತೀನಲ್ಲ." ಮಾವ ಹೋಗಿ ಆರು ವರ್ಷವಾಯಿತು. ಕಂಬ ಇನ್ನೂ ಇದೆ. ಅದನ್ನು ದಾಟುವಾಗ ಅತ್ತೆ ಒಂದು ಸಣ್ಣ ಹಾರನ್ ಹೊಡೆದರು.

ಗೋದಾಮಿನ ಅಂಗಳದಲ್ಲಿ ಮ್ಯಾನೇಜರ್ ರಟ್ಟಿನ ಮೇಲೆ ಹಾಳೆ ಸಿಕ್ಕಿಸಿಕೊಂಡು ನಿಂತಿದ್ದ. ಇಸ್ತ್ರಿ ಮುರಿಯದ ಯುವಕ. ಹಮಾಲರು ಇಪ್ಪತ್ತೈದು ಕಿಲೋದ ಹಿಟ್ಟಿನ ಮೂಟೆಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಒಬ್ಬೊಬ್ಬರ ಬೆನ್ನೂ ಸುಣ್ಣ ಹೊಡೆದ ಗೋಡೆಯಂತಿತ್ತು. ಅವರ ಮೇಸ್ತ್ರಿ ಬಾಯಲ್ಲಿ ಎಣಿಸುತ್ತ ವ್ಯಾನಿನೊಳಗೆ ಜೋಡಿಸಿದ. ಇಪ್ಪತ್ತೆರಡು. ಸರಿಯಾಗಿ ಐನೂರ ಐವತ್ತು. ಹಾಳೆಗೆ ಸಹಿ ಹಾಕಲು ಮೇಸ್ತ್ರಿ ಆಚೆ ಹೋದ. ಹಮಾಲರು ನೀರು ಕುಡಿಯಲು ಹೋದರು. ಅತ್ತೆ ಮುಂದೆ ಬಗ್ಗಿ ಟೈರಿನ ಗಾಳಿ ನೋಡುತ್ತಿದ್ದರು. ಪಕ್ಕದ ಬಾಗಿಲಿಗೆ ಹಗ್ಗ ಕಟ್ಟುವ ಕೆಲಸ ಮಾತ್ರ ಬಾಕಿ. ಅದನ್ನು ಮುರಿದವನ ಪಾಲಿಗೇ ಬಿಟ್ಟಿದ್ದರು.

ಅಳಿಯ ಬೆಳಗಿನಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ಇನ್ನೂ ಅಲ್ಲೇ ಇತ್ತು. ಅತ್ತೆಗೆ ಎದುರು ನಿಂತು "ಗಾಡಿ ಬಿಡಿ" ಎನ್ನುವಷ್ಟು ಎದೆ ಅವನಿಗೆ ದೇವರು ಕೊಟ್ಟಿರಲಿಲ್ಲ. ಆದರೆ ಗಾಡಿಯೇ ಅವರನ್ನು ಬಿಟ್ಟರೆ? ಏರಿನ ನಡುವೆ ನಿಂತರೆ? ಯಾರ ಮೇಲೂ ತಪ್ಪಿಲ್ಲ, ವಯಸ್ಸಾಯಿತು ಅಂದರೆ ಮುಗಿಯಿತು. ಪಕ್ಕದಲ್ಲೇ ಮೂಟೆಗಳ ರಾಶಿ ಇತ್ತು. ಅಳಿಯ ಅತ್ತ ಇತ್ತ ನೋಡಿ, ಒಂದು ಮೂಟೆಯನ್ನು ತಬ್ಬಿ ಎತ್ತಿ ಒಳಗೆ ತಳ್ಳಿದ. ಸೊಂಟ ಏನೋ ಅಂದಿತು. ಇನ್ನೊಂದನ್ನೂ ತಳ್ಳಿ, ಬಾಗಿಲು ಎಳೆದು ಹಗ್ಗ ಕಟ್ಟಿದ. ಬದುಕಿನಲ್ಲಿ ಮೊದಲ ಸಲ ಗಂಟು ಸರಿಯಾಗಿ ಬಿತ್ತು.

"ಹತ್ತಿ," ಅಂದರು ಅತ್ತೆ.

ಏರಿನ ನಡುವೆ, ಗೋಡೆಯ ಮೇಲೆ ಒಂದು ಹಳದಿ ಪಟ್ಟಿ. ಐನೂರ ಐವತ್ತು ಹೇರಿದ್ದರೆ ಪಟ್ಟಿಯವರೆಗೆ ಎರಡನೇ ಗೇರು, ಅಲ್ಲಿಂದಾಚೆ ಮೊದಲನೆಯದು; ಇದು ಅತ್ತೆಯ ಮೂವತ್ತು ವರ್ಷದ ಲೆಕ್ಕ. ಗಾಡಿ ಹುರುಪಿನಿಂದಲೇ ಹೊರಟಿತು. ಆದರೆ ಪಟ್ಟಿಗೆ ಇನ್ನೂ ನಾಲ್ಕು ಮಾರು ಇರುವಾಗಲೇ ಅಳಿಯನ ಸೀಟಿನ ಕೆಳಗೆ ಎಂಜಿನ್ನು ಬೇರೆ ರಾಗ ತೆಗೆಯಿತು. ಅತ್ತೆಯ ಹುಬ್ಬು ಮೇಲೇರಿತು. ಗೇರಿಗೆ ಕೈ ಹಾಕುವಷ್ಟರಲ್ಲಿ ಗಾಡಿ ಗುಟುರು ಹಾಕಿ, ಕೆಮ್ಮಿ, ನಿಂತೇಬಿಟ್ಟಿತು.

ಮ್ಯಾನೇಜರ್ ಪೆನ್ನು ತೆಗೆದ. ಅತ್ತೆ ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಅಳಿಯನಿಗೆ ತಾನು ಗೆದ್ದೆ ಅನ್ನಿಸಬೇಕಾಗಿತ್ತು. ಸೀಟಿನ ಬಿಸಿ ಮಾತ್ರ ಅನ್ನಿಸಿತು.

ಅತ್ತೆ ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು.

"ಎರಡು ಮೂಟೆ ಜಾಸ್ತಿ ಇದೆ."

"ಅಮ್ಮಾ, ಗಾಡಿ ಹತ್ಲಿಲ್ಲ ಅಂದ್ರೆ ಮೂಟೆ ಮೇಲೆ ಹೇಳ್ಬೇಡಿ," ಅಂದ ಮ್ಯಾನೇಜರ್. "ಯಾರು ಹೇಳಿದ್ದು ನಿಮಗೆ?"

"ಗಾಡಿ."

ಹಮಾಲರು ನಕ್ಕರು. ಮ್ಯಾನೇಜರನೂ ನಕ್ಕು, ತೋರಿಸಿಯೇಬಿಡೋಣವೆಂದು ಹಗ್ಗ ಬಿಚ್ಚಿಸಿ ಎಣಿಸಿದ. ಇಪ್ಪತ್ನಾಲ್ಕು. ಮತ್ತೆ ಎಣಿಸಿದ. ಮತ್ತೆ ಇಪ್ಪತ್ನಾಲ್ಕು. ನಗು ಮೇಸ್ತ್ರಿಯ ಕಡೆಗೆ ತಿರುಗಿ ಸಿಟ್ಟಾಯಿತು.

"ಏನ್ರೀ ಮೇಸ್ತ್ರಿ, ಇಪ್ಪತ್ತೆರಡು ಎಣಿಸೋಕೆ ಬರಲ್ವಾ? ಸಹಿ ಬೇರೆ ಹಾಕಿದ್ದೀರಿ. ನಾಳೆಯಿಂದ ಎಣಿಸೋ ಕೆಲಸ ಬೇರೆಯವರಿಗೆ."

ಮೇಸ್ತ್ರಿಯ ಮುಖ ಹಮಾಲರ ಬೆನ್ನಿನಷ್ಟೇ ಬೆಳ್ಳಗಾಯಿತು. "ಸಾರ್, ಇಪ್ಪತ್ತೆಂಟು ವರ್ಷದಿಂದ ನನ್ನ ಎಣಿಕೆ ತಪ್ಪಿಲ್ಲ. ಅಕ್ಕ, ನೀವಾದ್ರೂ ಹೇಳಿ."

ಅತ್ತೆ ಅಳಿಯನನ್ನು ನೋಡಿದರು. ಮುಖವನ್ನಲ್ಲ, ಸ್ವಲ್ಪ ಕೆಳಗೆ, ಎದೆಯ ಹತ್ತಿರ ಎಲ್ಲೋ. ನೋಡಿ, ಟೈರಿನ ಕಡೆ ತಿರುಗಿಕೊಂಡರು.

ಅತ್ತೆಯ ಗಾಡಿ ಹೋದರೆ ಬಾಲ್ಕನಿಯಾದರೂ ಇತ್ತು. ಮೇಸ್ತ್ರಿಗೆ ಎಣಿಕೆಯ ಹೊರತು ಬೇರೇನಿತ್ತೋ ಅವನಿಗೆ ಗೊತ್ತಿರಲಿಲ್ಲ.

"ಅದು... ನಾನು ಹಾಕಿದ್ದು," ಅಂದ. "ಎರಡೂ ನಾನೇ. ಸಹಾಯ ಆಗ್ಲಿ ಅಂತ."

"ಯಾರಿಗೆ ಸಾರ್, ಬೇರೆ ಗಾಡಿಯವರಿಗಾ?" ಎಂದು ಹಿಂದಿನಿಂದ ಒಬ್ಬ ಹಮಾಲ ಕೇಳಿದ. ಈ ಸಲದ ನಗೆಗೆ ಗೋದಾಮಿನ ತಗಡೇ ಅದುರಿತು. ಮ್ಯಾನೇಜರ್ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಂಥವರಿಗೆಲ್ಲ ನಿಯಮ ಬರೆದು ಪ್ರಯೋಜನವಿಲ್ಲ ಎಂಬಂತೆ ಹಾಳೆಯ ಮೇಲೆ ಆಗಲೇ ಬರೆದಿದ್ದ 'ಪಾಸ್ ರದ್ದು' ಎಂಬ ಸಾಲು ಹೊಡೆದುಹಾಕಿದ.

"ಇಳಿಸಿ ಎರಡು ಮೂಟೆ. ಇನ್ನೊಂದ್ಸಲ. ಇದೇ ಕೊನೆ."

"ನಾನೂ ಇಳೀತೀನಿ ಅತ್ತೆ," ಅಂದ ಅಳಿಯ. "ಎಂಬತ್ತೆರಡು ಕಿಲೋ ಕಮ್ಮಿ ಆಗುತ್ತೆ."

"ಬೇಡ, ಕೂತ್ಕೊಳಿ. ನಿಮ್ಮನ್ನ ಲೆಕ್ಕಕ್ಕೆ ತಗೊಂಡಾಗಿದೆ."

ಅಂಗಳಕ್ಕೆ ಹಿಂದಕ್ಕೆ ಇಳಿದ ವ್ಯಾನು ಮತ್ತೆ ಹೊರಟಿತು. ಎರಡನೇ ಗೇರಿನಲ್ಲಿ ಗುಂಯ್ ಎನ್ನುತ್ತ, ಕಟ್ಟಿದ ಬಾಗಿಲು ತಾಳ ಹಾಕುತ್ತ, ಮುಳ್ಳು ಕುಣಿಯುತ್ತ. ಹಳದಿ ಪಟ್ಟಿ ಕಿಟಕಿಯ ಪಕ್ಕಕ್ಕೆ ಬಂದ ಗಳಿಗೆಗೆ ಅತ್ತೆಯ ಕೈ ಗೇರನ್ನು ಮೊದಲನೆಯದಕ್ಕೆ ತಂದಿತು, ಸೂಜಿಗೆ ದಾರ ಪೋಣಿಸಿದಷ್ಟು ನಯವಾಗಿ. ಗಾಡಿ ಒಂದು ಕ್ಷಣ ಉಸಿರು ಹಿಡಿಯಿತು. ಅಳಿಯನೂ ಹಿಡಿದ. ತಾನು ಮುಂದಕ್ಕೆ ಬಾಗಿ, ಡ್ಯಾಶ್‌ಬೋರ್ಡನ್ನು ಎರಡೂ ಕೈಯಿಂದ ತಳ್ಳುತ್ತ, "ಹತ್ತೇ, ಹತ್ತೇ ತಾಯಿ!" ಎಂದು ಗಾಡಿಗೆ ಹೇಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ರಸ್ತೆ ಸಮತಟ್ಟಾದ ಮೇಲೆ. ಕೆಳಗಿನಿಂದ ಹಮಾಲರ ಸಿಳ್ಳೆ ಕೇಳಿತು. ಅದರಲ್ಲಿ ಅತ್ಯಂತ ಜೋರಾದದ್ದು ಮೇಸ್ತ್ರಿಯದು.

ಪಾಸಿನ ಮೇಲೆ ಹೊಸ ಮುದ್ರೆ ಬಿತ್ತು. ಏಳು ಬೇಕರಿಗಳಿಗೆ ಹಿಟ್ಟು ಇಳಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಕೊನೆಯ ಬೇಕರಿಯ ಗಾಜಿನ ಕಪಾಟಿನಲ್ಲಿ ಅಳಿಯನಿಗೆ ತನ್ನ ಪ್ರತಿಬಿಂಬ ಕಂಡಿತು. ಕಡು ನೀಲಿ ಅಂಗಿಯ ಎದೆಯಿಂದ ಹೊಟ್ಟೆಯವರೆಗೆ, ಬೆಳಗಿನಿಂದ ಎಲ್ಲರೂ ನೋಡಿದ್ದ, ತಾನೊಬ್ಬನೇ ನೋಡದಿದ್ದ ಎರಡು ಅಗಲವಾದ ಬಿಳಿ ಪಟ್ಟೆಗಳು. ತಿರುಗಿ ನೋಡಿಕೊಂಡರೆ ಬೆನ್ನು ಮಾತ್ರ ಶುಭ್ರ. ಆ ಗೋದಾಮಿನಲ್ಲಿ ಮೂಟೆಯನ್ನು ಮಗುವಿನಂತೆ ತಬ್ಬಿ ಎತ್ತುವ ಹಮಾಲ ಒಬ್ಬನೂ ಇರಲಿಲ್ಲ.

ಮನೆಯ ಕಡೆ ಹೊರಟರು. ಖಾಲಿ ವ್ಯಾನು ಹಗುರಾಗಿ ಕುಲುಕುತ್ತಿತ್ತು. ಕಂಬದ ಹತ್ತಿರ ಅತ್ತೆ ಸಣ್ಣ ಹಾರನ್ ಹೊಡೆದರು. ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿ ಕಂಡಾಗ ಅಳಿಯನಿಗೆ ತಡೆಯಲಾಗಲಿಲ್ಲ.

"ಅತ್ತೆ, ಮನೇಲಿ ನಿಮ್ಮ ಮಗಳು ಏನಾಯ್ತು ಅಂತ ಕೇಳ್ತಾಳೆ. ನಾನೇನು ಹೇಳ್ಲಿ?"

ಅತ್ತೆ ಕನ್ನಡಿ ಸರಿಮಾಡಿಕೊಂಡರು.

"ಬಾಗಿಲು ಕಿತ್ತಿದ್ದು ನೀವು ಅಂತ ಹೇಳಿ. ಮಿಕ್ಕಿದ್ದು ನಾನು ಹೇಳಲ್ಲ."