ಮುಂದಿನ ಗಾಲಿಯ ಹಿಡಿಕೆ

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮದು ಕಬ್ಬೂರಿನಲ್ಲಿ ಕಬ್ಬು ಬೆಳೆಯುವ ಮನೆತನ. ನನ್ನ ಗೆಳೆಯ ಶೇಡಬಾಳದವನು, ದ್ರಾಕ್ಷಿ ತೋಟದ ಜೈನರ ಮನೆಯವನು. ನಮ್ಮಿಬ್ಬರನ್ನು ಕೂಡಿಸಿದ್ದು ಸೈಕಲ್ ರೇಸು. ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಎಲ್ಲಿ ರೇಸಿದ್ದರೂ ಇಬ್ಬರೂ ಹಾಜರು. ಒಂದರಲ್ಲಿ ಅವನು ಮುಂದೆ, ಇನ್ನೊಂದರಲ್ಲಿ ನಾನು.

ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ರಸ್ತೆಯಲ್ಲಿ ನನ್ನ ಮುಂದಿನ ಗಾಲಿಯ ಎಕ್ಸಲ್ ಎರಡು ಸಲ ಬಾಗಿತ್ತು. ಪಂಕ್ಚರ್ ಆದರಂತೂ ಪಾನಾ ಹಾಕಿ ಎರಡೂ ಕಡೆಯ ನಟ್ಟು ಬಿಚ್ಚುವಷ್ಟರಲ್ಲಿ ಉಳಿದವರೆಲ್ಲ ಕಣ್ಮರೆಯಾಗುತ್ತಿದ್ದರು. ಕೊಲ್ಲಾಪುರದ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಪರದೇಶದ ಸೈಕಲ್ಲಿನಿಂದ ಬಿಚ್ಚಿದ ಎಕ್ಸಲ್ ಸಿಕ್ಕಿತು. ಒಳಗೆ ಪೊಳ್ಳು. ಅದರೊಳಗೆ ಹಾಯುವ ತೆಳ್ಳನೆಯ ಉಕ್ಕಿನ ಸಳಿ, ಸಳಿಯ ಒಂದು ತುದಿಗೆ ಬೆರಳುದ್ದದ ಹಿಡಿಕೆ, ಇನ್ನೊಂದಕ್ಕೆ ಪುಟ್ಟ ನಟ್ಟು. ಇದಕ್ಕೆ ಕ್ವಿಕ್ ರಿಲೀಸ್ ಅನ್ನುತ್ತಾರೆ, ಪಾನಾ ಇಲ್ಲದೆ ಗಾಲಿ ಬಿಚ್ಚಬಹುದು ಎಂದ ಅಂಗಡಿಯವ. ಹೇಗೆಂದು ನಾನು ಕೇಳಲಿಲ್ಲ.

ಪಡಸಾಲೆಯಲ್ಲಿ ಕೂತು ನಾನೇ ಅದನ್ನು ಹಾಕಿದೆ. ಹಳೇ ಎಕ್ಸಲ್ ತೆಗೆದು, ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸಿನಲ್ಲಿ ಕೂರಿಸಿ ಹೊಸದನ್ನು ತೂರಿಸಿದೆ. ಅದು ತುಸು ದಪ್ಪ. ಗಾಲಿಯನ್ನು ಹಿಡಿಯುವ ಚಿಮಟದ ಎರಡೂ ಕಾಲಿನ ಸೀಳನ್ನು ಅರದಿಂದ ಉಜ್ಜಿ ಅಗಲ ಮಾಡಿದೆ. ಕೊನೆಗೆ ಆ ಹಿಡಿಕೆಯನ್ನು ಗರಗರ ತಿರುಗಿಸಿ, ಮೈಯ ಬಲವನ್ನೆಲ್ಲ ಹಾಕಿ ಬಿಗಿದೆ.

ಅಥಣಿಯಿಂದ ಕಾಗವಾಡಕ್ಕೆ ರೇಸು. ಹೊರಡುವ ಮುಂಚೆ ಬೆನ್ನಿಗೆ ನಂಬರಿನ ಚೀಟಿ ಹಚ್ಚಿಸಿಕೊಂಡು ತಿರುಗಿ ನೋಡಿದರೆ, ಗೆಳೆಯ ನನ್ನ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹಿಡಿಕೆಗೆ ಕೈ ಹಾಕಿದ್ದ.

"ಲೇ, ಮುಟ್ಟಬ್ಯಾಡ ಅದನ್ನ!" ಎಂದು ಕೂಗಿದೆ.

"ಅಲ್ಲಲೇ, ಇದು..."

"ಮುಟ್ಟಬ್ಯಾಡ ಅಂದ್ನೆಲ್ಲಾ!"

ಕೈ ತೆಗೆದು ಎದ್ದು ಹೋದ.

ಮಂಗಸೂಳಿ ದಾಟಿದ ಮೇಲೆ ನಾವಿಬ್ಬರೇ ಮುಂದಿದ್ದೆವು. ತಗ್ಗೊಂದು ಬಂತು. ಹಾರಿಸಲೆಂದು ಹ್ಯಾಂಡಲ್ ಎತ್ತಿದೆ. ಹ್ಯಾಂಡಲ್ ಬಂತು, ಗಾಲಿ ಬರಲಿಲ್ಲ. ಬರೀ ಚಿಮಟ ಡಾಂಬರಿಗೆ ನೆಟ್ಟು, ನಾನು ಮೋರೆಯ ಮೇಲೆ ಬಿದ್ದೆ. ಮುಂದಿನ ಮೂರು ಹಲ್ಲು ಹೋದವು, ಕೆಳತುಟಿ ಗದ್ದದವರೆಗೆ ಹರಿಯಿತು, ಎಡ ಹೆಗಲಿನ ಎಲುಬು ಮುರಿಯಿತು. ರೇಸು ಬಿಟ್ಟು ಓಡಿಬಂದವನು ಅವನೇ. ತನ್ನ ಅಂಗಿ ಬಿಚ್ಚಿ ನನ್ನ ಬಾಯಿಗೆ ಒತ್ತಿ ಹಿಡಿದ. ರಕ್ತ ನುಂಗುತ್ತ ಅವನ ಮುಖ ನೋಡಿದೆ. ಇವನೇ ಸಡಿಲ ಮಾಡಿದ್ದು, ಈಗ ಅಂಜಿ ನಾಟಕ ಹೂಡಿದ್ದಾನೆ ಎಂದು ಆಗಲೇ ಖಾತ್ರಿಯಾಯಿತು.

ಮಿರಜಿನ ದವಾಖಾನೆಯಲ್ಲಿ ತುಟಿಗೆ ಹೊಲಿಗೆ ಬಿತ್ತು. ನೋಡಲು ಬಂದ ಅವನಿಗೆ ನಾನು ಬೆನ್ನು ತಿರುಗಿಸಿ ಮಲಗಿದೆ.

ಎಡಗೈ ಇನ್ನೂ ಕೊರಳ ಪಟ್ಟಿಯಲ್ಲಿ ತೂಗುತ್ತಿದ್ದಾಗಲೇ, ದೊಡ್ಡಪ್ಪನ ಇಬ್ಬರು ಮಕ್ಕಳನ್ನು ಕರೆದುಕೊಂಡು ಶೇಡಬಾಳಕ್ಕೆ ಹೋದೆ. ಮಧ್ಯಾಹ್ನ, ತೋಟದಲ್ಲಿ ಅವನೊಬ್ಬನೇ ಇದ್ದ. ಅಣ್ಣಂದಿರು ಅವನನ್ನು ಬಳ್ಳಿಯ ಕಲ್ಲುಕಂಬಕ್ಕೆ ಒತ್ತಿ ಹಿಡಿದರು. ನನ್ನ ಬಲಗೈಯಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುವ ಕಬ್ಬಿಣದ ಪಂಪಿತ್ತು.

"ಹಿಡಿಕಿ ಯಾಕ ಸಡ್ಲ ಮಾಡಿದಿ?"

"ನಾ ಏನೂ ಮಾಡಿಲ್ಲೋ, ನನ್ನ ಮಾತರೆ ಕೇಳು..."

ಕೇಳಲಿಲ್ಲ. ಮೊದಲು ಬಾಯಿಗೆ ಹೊಡೆದೆ, ನನ್ನ ಹಲ್ಲು ಹೋದ ಜಾಗಕ್ಕೇ. ಆಮೇಲೆ ಅವನ ಬಲಗೈಯನ್ನು ಕಂಬಕ್ಕೆ ಚಾಚಿ ಹಿಡಿಸಿ ಬೆರಳುಗಳ ಮೇಲೆ ಹೊಡೆದೆ. ಎಲುಬು ಮುರಿದ ಸಪ್ಪಳಕ್ಕೆ ದೊಡ್ಡಣ್ಣ ಬೆದರಿ, "ಸಾಕ್ ಬಿಡೋ!" ಎಂದು ನನ್ನನ್ನು ಎಳೆದ. ಅಣ್ಣನನ್ನು ತಳ್ಳಿ ಆ ಬೆರಳುಗಳ ಮೇಲೆ ಮತ್ತೆರಡು ಹೊಡೆದೆ. ಆಗ ನನಗೆ ಸುಖವೆನಿಸಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಗೆಳೆಯನ ಮನೆಯವರು ಪೊಲೀಸರ ಕಡೆ ಹೋಗಲಿಲ್ಲ. ಅವನ ಅಪ್ಪ ನಮ್ಮ ಮನೆಗೆ ಬಂದು, "ನಿಮ್ಮ ಹುಡುಗನ್ನ ನಮ್ಮ ಕಡೆ ಕಳಸಬ್ಯಾಡ್ರಿ" ಎಂದಷ್ಟೇ ಹೇಳಿ, ಕೊಟ್ಟ ನೀರು ಮುಟ್ಟದೆ ಹೋದರು.

ಕಬ್ಬಿನ ಸುಗ್ಗಿ ಮುಗಿದ ಮೇಲೆ ಹೊಸ ಚಿಮಟ ಹಾಕಿಸಲು ಮಿರಜಿಗೆ ಹೋದೆ. ಸೈಕಲ್ ಅಂಗಡಿಯ ಮುದುಕ ಮೇಸ್ತ್ರಿ ಆ ಸಳಿಯನ್ನು ಕೈಗೆತ್ತಿಕೊಂಡು, "ಇದನ್ನ ಹೆಂಗ ಬಿಗೀತಿದ್ದಿ?" ಎಂದ. ತಿರುಗಿಸಿ ತೋರಿಸಿದೆ.

"ಅರೇ ಬಾಬಾ, ಇದು ತಿರುಗ್ಸೂದಲ್ಲ, ಮಡಚೂದು!"

ಎದುರಿನ ನಟ್ಟನ್ನು ಬೆರಳಿನಿಂದ ತುಸು ಬಿಗಿದು, ಹಿಡಿಕೆಯನ್ನು ಅಂಗೈಯಿಂದ ಒತ್ತಿ ಹಿಂದಕ್ಕೆ ಮಡಚಿದ. ಅವನ ಅಂಗೈಯಲ್ಲಿ ಅದರ ಗುರುತು ಮೂಡಿತು. "ನೀ ಮಾಡಿದಂಗ ಮಾಡಿದ್ರ ತಗ್ಗು ದಿನ್ನಿಗೆ ತಾನಾಗೇ ಸಡ್ಲಾಗ್ತೈತಿ. ಪುಣ್ಯಾ, ಉಳದಿ."

ಸೈಕಲ್ಲನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿ ನೇರ ಶೇಡಬಾಳಕ್ಕೆ ಹೋದೆ. ಅವನು ಎಡಗೈಯಲ್ಲಿ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ. ಬಲಗೈಯ ಮೂರು ಬೆರಳು ಕಡ್ಡಿಯಂತೆ ಸೆಟೆದಿದ್ದವು. ಮೇಸ್ತ್ರಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಗೊತ್ತೈತ್ರಿ," ಎಂದ. "ಕೊಲ್ಲಾಪುರದಾಗ ಒಬ್ಬಾಂವನ ಸೈಕಲ್ಲಿಗೆ ನೋಡಿದ್ನಿ. ಅವತ್ತ ಮಡಚಾಕ ಕುಂತಿದ್ನಿ. ಮುಟ್ಟಬ್ಯಾಡ ಅಂದ್ರಿ, ಬಿಟ್ನಿ."

ಅದುವರೆಗೆ ನನ್ನನ್ನು 'ಲೇ' ಎನ್ನುತ್ತಿದ್ದವನು ಪರ ಊರಿನವರ ಜೊತೆ ಮಾತಾಡುವಂತೆ ಮಾತಾಡಿದ.

"ನನ್ನ ಹೊಡಿ," ಎಂದೆ.

"ಕೆಲಸ ಐತ್ರಿ," ಎಂದು ಮುಂದಿನ ಬಳ್ಳಿಗೆ ಹೋದ.

ಹೊಡೆದವಳು ಅವನ ಅವ್ವ. ನನ್ನ ಗುರುತು ಹಿಡಿದು, ಆಧಾರಕ್ಕೆ ನೆಟ್ಟಿದ್ದ ಬಿದಿರು ಕಿತ್ತುಕೊಂಡು ಬಂದು ಬೆನ್ನಿಗೆ, ತಲೆಗೆ ಬಾರಿಸಿದಳು. ಬಿದಿರು ಸೀಳಿತು, ನೆತ್ತಿ ಒಡೆಯಿತು. ನಾನು ಅಲುಗಲಿಲ್ಲ. "ಬಿಡಬೇ ಅವ್ವಾ, ನಿನ್ನ ಕೈ ನೋಯ್ತೈತಿ," ಎಂದು ಅವನು ಅವಳನ್ನು ಕರೆದುಕೊಂಡು ಹೋದ. ಮನೆಗೆ ಬಂದು ದೊಡ್ಡಣ್ಣನಿಗೆ ನಿಜ ಹೇಳಿದಾಗ ಅವನೂ ಕಪಾಳಕ್ಕೆ ಹೊಡೆದು ಅತ್ತ.

ಗೆಳೆಯ ಮತ್ತೆ ರೇಸಿಗಿಳಿಯಲಿಲ್ಲ. ಆ ಕೈಯಿಂದ ಬ್ರೇಕು ಹಿಡಿಯಲಾಗುತ್ತಿರಲಿಲ್ಲ.

ನಾಲ್ಕೈದು ವರ್ಷದ ನಂತರ ಕಾಗವಾಡದ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ನಾನು ಅವನೆದುರಿಗೇ ಕೂರಬೇಕಾಯಿತು. ಎಡಗೈಯಿಂದ ಉಣ್ಣುತ್ತಿದ್ದ ಅವನನ್ನು ನೋಡಿ ಪಕ್ಕದ ಹಿರಿಯರೊಬ್ಬರು, "ಏನಪಾ, ಎಡಗೈಲೆ ಉಣ್ಣೂದಾ?" ಎಂದು ನಕ್ಕರು.

"ಆ ಕೈ ಮುರದಾಂವ ನಾನ್ರಿ," ಎಂದೆ. "ಅವನ್ದೇನೂ ತಪ್ಪಿರಲಿಲ್ಲ."

ಸುತ್ತಲಿದ್ದವರ ಕೈ ಎಲೆಯ ಮೇಲೇ ನಿಂತವು. ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಊಟಾ ಮಾಡ್ರಿ," ಎಂದ, "ಆರಿ ಹೋಗ್ತೈತಿ."